ಓಡಲಾಗದವರ ಮೇಲೆ ಬೀಳುವ ತೆರಿಗೆ

ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೊರಟ ಲಾರಿ ನಿಪ್ಪಾಣಿ ದಾಟಿ ಕೊಗನೊಳ್ಳಿಯ ಹತ್ತಿರ ಬರುವ ಹೊತ್ತಿಗೆ ಡೀಸೆಲ್ ಎಲ್ಲಿ ತುಂಬಿಸಬೇಕು ಎಂಬುದು ತೀರ್ಮಾನವಾಗಿರುತ್ತದೆ. ಇಲ್ಲೇ ತುಂಬಿಸುವುದೋ, ಗಡಿ ದಾಟಿ ಕಾಗಲದಲ್ಲಿ ತುಂಬಿಸುವುದೋ? ನನ್ನ ಬಳಿ ಲೆಕ್ಕ ಬರೆಸುವ ಲಾರಿ ಮಾಲೀಕರೊಬ್ಬರು ಎರಡೂ ಕಡೆಯ ದರವನ್ನು ಪ್ರತಿದಿನ ಬೆಳಿಗ್ಗೆ ಮೊಬೈಲಿನಲ್ಲಿ ನೋಡಿ, ಚಾಲಕನಿಗೆ ಕರೆ ಮಾಡಿ ಹೇಳುತ್ತಾರೆ. ಲೀಟರಿಗೆ ಎರಡು ರೂಪಾಯಿ ವ್ಯತ್ಯಾಸವಿದ್ದರೆ 300 ಲೀಟರಿನ ಟ್ಯಾಂಕಿಗೆ 600 ರೂಪಾಯಿ. ತಿಂಗಳಿಗೆ ಹತ್ತು ಬಾರಿ ಟ್ಯಾಂಕ್ ತುಂಬಿಸುವ ಒಂದು ಗಾಡಿಗೆ ಅದು ಆರು ಸಾವಿರವಾಗುತ್ತದೆ. ಅವರ ಬಳಿ ನಾಲ್ಕು ಗಾಡಿಗಳಿವೆ.

ರವಿವಾರ ಪೇಟೆಯಲ್ಲಿ ಕುಳಿತು ಅಂಗಡಿಕಾರರ, ಸಾಗಣೆದಾರರ ತೆರಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. ಆ 600 ರೂಪಾಯಿಯ ಹಿಂದೆ ರಾಜ್ಯದ ತೆರಿಗೆ ನೀತಿಯ ಮುಕ್ಕಾಲು ಪಾಠವಿದೆ ಎಂದು ನನಗೆ ವರ್ಷಗಳಿಂದ ಅನಿಸಿದೆ. ಡೀಸೆಲ್ಲಿನ ಮೂಲ ಬೆಲೆ ಗಡಿಯ ಆಚೆಗೂ ಈಚೆಗೂ ಹೆಚ್ಚುಕಡಿಮೆ ಒಂದೇ. ಕೇಂದ್ರದ ಅಬಕಾರಿ ಸುಂಕವಂತೂ ದೇಶಕ್ಕೆಲ್ಲ ಒಂದೇ. ದರವನ್ನು ಬೇರೆ ಮಾಡುವುದು ಮುಖ್ಯವಾಗಿ ರಾಜ್ಯದ ಮಾರಾಟ ತೆರಿಗೆ. ಈ ತೆರಿಗೆಯ ದರವನ್ನು ನಿಗದಿ ಮಾಡುವವರು ಯಾರು, ಅದು ಮಿತಿ ಮೀರದಂತೆ ನೋಡಿಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಹೋದರೆ, ಮೊದಲನೆಯದಕ್ಕೆ ಸದನದ ಹೆಸರು ಸಿಗುತ್ತದೆ, ಎರಡನೆಯದಕ್ಕೆ ಗಡಿಯ ಹೆಸರು.

ಮೊದಲು ಸದನದ ಮಾತು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ ಎನ್ನುತ್ತದೆ ಸಂವಿಧಾನದ 265ನೇ ವಿಧಿ. ಪ್ರಜೆಗಳ ಪ್ರತಿನಿಧಿಗಳು ಒಪ್ಪದೆ ಪ್ರಜೆಯ ಜೇಬಿಗೆ ಕೈ ಹಾಕಬಾರದು ಎಂಬುದು ಇದರ ಅರ್ಥ. ತೆರಿಗೆಗೆ ಸಂಬಂಧಿಸಿದ ವಿಧೇಯಕ ಸಾಮಾನ್ಯವಾಗಿ ಧನ ವಿಧೇಯಕವಾಗಿರುತ್ತದೆ. ಅದನ್ನು 224 ಸದಸ್ಯರ ವಿಧಾನಸಭೆಯಲ್ಲಿ ಮಾತ್ರ ಮಂಡಿಸಬಹುದು. 75 ಸದಸ್ಯರ ವಿಧಾನ ಪರಿಷತ್ತು ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು, ತಿದ್ದುಪಡಿ ಸೂಚಿಸಿದರೂ ವಿಧಾನಸಭೆ ಒಪ್ಪಲೇಬೇಕೆಂದಿಲ್ಲ. ಬೇರೆ ವಿಧೇಯಕಗಳ ಮಾತು ಹಾಗಲ್ಲ. 2023ರ ಜುಲೈನಲ್ಲಿ ಎಪಿಎಂಸಿ ತಿದ್ದುಪಡಿ ವಿಧೇಯಕವನ್ನು ವಿಧಾನಸಭೆ ಅಂಗೀಕರಿಸಿ ಕಳುಹಿಸಿದಾಗ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿ ತಡೆದು ನಿಲ್ಲಿಸಿತ್ತು. ಧನ ವಿಧೇಯಕವನ್ನು ಹೀಗೆ ನಿಲ್ಲಿಸುವ ಶಕ್ತಿ ಮೇಲ್ಮನೆಗಿಲ್ಲ. ಅಂದರೆ ತೆರಿಗೆಯ ವಿಷಯದಲ್ಲಿ ಪ್ರಜೆಗೆ ಇರುವ ಕಾವಲು ಒಂದೇ ಒಂದು ಮನೆಯದು.

ಆ ಮನೆಯ ಕಾವಲೂ ಎಷ್ಟು ಗಟ್ಟಿ? 2024ರ ಜೂನ್ 15ರಂದು ಪೆಟ್ರೋಲ್ ಮೇಲಿನ ರಾಜ್ಯದ ತೆರಿಗೆ ಶೇ 25.92ರಿಂದ ಶೇ 29.84ಕ್ಕೆ ಏರಿತು. ಡೀಸೆಲ್ ಮೇಲಿನದು ಶೇ 14.3ರ ಆಸುಪಾಸಿನಿಂದ ಶೇ 18.4ರ ಆಸುಪಾಸಿಗೆ ಬಂತು. ಬಂಕಿನಲ್ಲಿ ಮೂರು, ಮೂರೂವರೆ ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆಯಿತು, ಲೀಟರಿಗೆ ಇನ್ನೆರಡು ರೂಪಾಯಿ ಬಿತ್ತು. ಎರಡೂ ಬಾರಿ ದರ ಬದಲಾದದ್ದು ಅಧಿಸೂಚನೆಯ ಮೂಲಕ. ಸದನದಲ್ಲಿ ಆ ದರಕ್ಕೆ ಯಾರೂ ಕೈ ಎತ್ತಿರಲಿಲ್ಲ.

ಇದರಲ್ಲಿ ಕಾನೂನುಬಾಹಿರವಾದುದು ಏನೂ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಪೆಟ್ರೋಲ್, ಡೀಸೆಲ್‌ಗೆ ಇವತ್ತಿಗೂ 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯೇ ಅನ್ವಯಿಸುತ್ತದೆ. ದರವನ್ನು ಇಳಿಸಿ ಏರಿಸುವ ಅವಕಾಶವನ್ನು ಸದನವೇ ಸರ್ಕಾರದ ಕೈಗೆ ಕೊಟ್ಟಿದೆ. ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವೂ ನಿಯಮಗಳ ತಿದ್ದುಪಡಿಯಿಂದಲೇ ಬದಲಾಗುತ್ತದೆ. ಆಸ್ತಿ ನೋಂದಣಿ ಶುಲ್ಕವೂ ಹಾಗೆಯೇ. ಮನೆಯ ಯಜಮಾನ ಒಮ್ಮೆ ಬೀಗದ ಕೈಯನ್ನು ಮತ್ತೊಬ್ಬರಿಗೆ ಕೊಟ್ಟ ಮೇಲೆ ತಿಜೋರಿ ತೆರೆಯುವಾಗಲೆಲ್ಲ ಅವನನ್ನು ಕೇಳುವವರಿಲ್ಲ. ಬಜೆಟ್ ಅಧಿವೇಶನದಲ್ಲಿ ಹಣಕಾಸು ವಿಧೇಯಕಗಳು ಬರುತ್ತವೆ ನಿಜ, ಆದರೆ ಇಲಾಖೆಗಳ ಬೇಡಿಕೆಗಳ ಚರ್ಚೆಗೇ ಸಮಯ ಸಾಲದೆ ಅನೇಕವು ಧ್ವನಿಮತದಲ್ಲಿ ಮುಗಿದುಹೋಗುತ್ತವೆ.

ಹಲಗಾದ ಗುಡ್ಡದ ಮೇಲೆ 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತದೆ. ಬಜೆಟ್ ಮಂಡನೆಯಾಗುವುದು ಬೆಂಗಳೂರಿನಲ್ಲಿ. ಇಲ್ಲಿಗೆ ಸಾಮಾನ್ಯವಾಗಿ ಬರುವುದು ಪೂರಕ ಅಂದಾಜುಗಳು, ಅಂದರೆ ಬಜೆಟ್ಟಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನ ಖರ್ಚಿಗೆ ಅನುಮತಿ. ಪ್ರತಿ ಡಿಸೆಂಬರಿನಲ್ಲಿ ಆ ಸದನದಲ್ಲಿ ಗಡಿಯ ಮಾತು ಕೇಳುತ್ತೇವೆ. ಭಾಷೆಯ ಗಡಿ, ನಕಾಶೆಯ ಗಡಿ. ಅದರ ಮಹತ್ವವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಆ ಕಟ್ಟಡದಿಂದ ಒಂದೂವರೆ ತಾಸಿನ ದಾರಿಯಲ್ಲಿರುವ ಕೊಗನೊಳ್ಳಿಯಲ್ಲಿ ಗಡಿ ಎಂದರೆ ಬೆಲೆ. ಆ ಗಡಿಯ ಬಗ್ಗೆ ಸದನದಲ್ಲಿ ಒಂದು ಪೂರ್ತಿ ದಿನದ ಚರ್ಚೆ ನಡೆಯಬೇಕೆಂಬುದು ನನ್ನ ಬಹುದಿನಗಳ ಆಸೆ.

ಸರ್ಕಾರ ಇದೇ ಕೆಲವು ವಸ್ತುಗಳನ್ನು ಮತ್ತೆ ಮತ್ತೆ ಹಿಂಡುವುದೇಕೆ ಎಂದು ಅರ್ಥವಾಗಬೇಕಾದರೆ ಜಿಎಸ್‌ಟಿಯನ್ನು ತಿಳಿಯಬೇಕು. 2017ರ ಜುಲೈ 1ರವರೆಗೆ ಸಾಬೂನಿನಿಂದ ಸಿಮೆಂಟಿನವರೆಗೆ ಎಲ್ಲದರ ಮೌಲ್ಯವರ್ಧಿತ ತೆರಿಗೆಯನ್ನು ರಾಜ್ಯವೇ ನಿರ್ಧರಿಸುತ್ತಿತ್ತು. ಈಗ ಅದು ಜಿಎಸ್‌ಟಿ ಮಂಡಳಿಯ ಕೆಲಸ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ಎಲ್ಲ ರಾಜ್ಯಗಳ ಮತಕ್ಕೆ ಒಟ್ಟು ಮೂರನೇ ಎರಡು ಭಾಗದ ತೂಕ, ನಿರ್ಣಯಕ್ಕೆ ಬೇಕಾದದ್ದು ನಾಲ್ಕನೇ ಮೂರು. ಬೆಳಗಾವಿಯ ಶಾಸಕರೊಬ್ಬರು ಮನಸ್ಸು ಮಾಡಿದರೂ ಒಂದು ಸಾಬೂನಿನ ತೆರಿಗೆಯನ್ನು ಒಂದು ಪೈಸೆ ಇಳಿಸಲಾರರು. ರಾಜ್ಯದ ಕೈಯಲ್ಲಿ ಉಳಿದದ್ದು ಇಂಧನ, ಮದ್ಯ, ಆಸ್ತಿ ನೋಂದಣಿ ಮತ್ತು ಮುದ್ರಾಂಕ, ವಾಹನ, ವಿದ್ಯುತ್, ವೃತ್ತಿ ತೆರಿಗೆ. ಹತ್ತು ನಲ್ಲಿಗಳಿದ್ದ ಮನೆಯಲ್ಲಿ ಆರು ಮಾತ್ರ ಉಳಿದರೆ ಆ ಆರನ್ನೇ ಪೂರ್ತಿ ತಿರುವುತ್ತಾರೆ.

2025-26ರ ಬಜೆಟ್ ನೋಡಿ. ಒಟ್ಟು ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ರಾಜ್ಯದ ಸ್ವಂತ ತೆರಿಗೆಯ ಗುರಿ ಸುಮಾರು 2.08 ಲಕ್ಷ ಕೋಟಿ. ಇದರಲ್ಲಿ ಅಬಕಾರಿಯಿಂದ 40,000 ಕೋಟಿ, ನೋಂದಣಿ ಮತ್ತು ಮುದ್ರಾಂಕದಿಂದ 28,000 ಕೋಟಿ, ವಾಹನಗಳಿಂದ 15,000 ಕೋಟಿ. ಗ್ಯಾರಂಟಿ ಯೋಜನೆಗಳಿಗೆ 51,000 ಕೋಟಿಗೂ ಹೆಚ್ಚು ತೆಗೆದಿಡಲಾಯಿತು, ರಾಜಸ್ವ ಕೊರತೆ 19,000 ಕೋಟಿ ದಾಟಿತು. ಖರ್ಚು ಮೊದಲು ನಿಗದಿಯಾಗಿ ಆಮೇಲೆ ಗುರಿ ಬರೆದಾಗ, ಆ ಗುರಿ ಮುಟ್ಟಲು ಅಧಿಕಾರಿಗಳು ಎಲ್ಲಿಗೆ ಹೋಗಬೇಕು? ಸುಲಭವಾಗಿ ಸಿಗುವವರ ಬಳಿಗೆ.

ಇನ್ನು ಗಡಿಯ ಮಾತು. ಮಾರುಕಟ್ಟೆಯನ್ನು ನಂಬುವ ನನ್ನಂಥವರ ವಾದ ಸರಳವಾದದ್ದು. ಎದುರಿನ ಅಂಗಡಿ ಇರುವುದರಿಂದಲೇ ಈ ಅಂಗಡಿಯವನು ತೂಕದಲ್ಲಿ ಮೋಸ ಮಾಡುವುದಿಲ್ಲ, ಬೆಲೆ ವಿಪರೀತ ಏರಿಸುವುದಿಲ್ಲ. ಸರ್ಕಾರಕ್ಕೂ ಎದುರು ಅಂಗಡಿ ಬೇಕು. ಅಕ್ಕಪಕ್ಕದ ರಾಜ್ಯಗಳೇ ಆ ಅಂಗಡಿಗಳು. ಜನ ಆ ಕಡೆ ಹೋಗಬಹುದು ಎಂಬ ಅರಿವು ಆಳುವವರನ್ನು ಹತೋಟಿಯಲ್ಲಿಡುತ್ತದೆ. ಇದು ಬರೀ ಸಿದ್ಧಾಂತವಲ್ಲ. 2024ರಲ್ಲಿ ಇಂಧನದ ತೆರಿಗೆ ಏರಿಸಿದಾಗ ಸರ್ಕಾರ ಕೊಟ್ಟ ಸಮರ್ಥನೆಯೇ ಹೀಗಿತ್ತು: ಏರಿಸಿದ ಮೇಲೂ ನಮ್ಮಲ್ಲಿ ದರ ನೆರೆಯ ಮಹಾರಾಷ್ಟ್ರಕ್ಕಿಂತ ಕಡಿಮೆ. ಸದನದ ಹೆಸರು ಅಲ್ಲಿ ಬರಲಿಲ್ಲ, ಮಹಾರಾಷ್ಟ್ರದ ಹೆಸರು ಬಂತು. ಅದಕ್ಕೂ ಮೊದಲು, 2021ರ ನವೆಂಬರಿನಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದ ಕೂಡಲೇ ಕರ್ನಾಟಕ ತನ್ನ ಪಾಲಿನಿಂದ ಏಳು ರೂಪಾಯಿ ಇಳಿಸಿತು. ಮಹಾರಾಷ್ಟ್ರ ಆಗ ಇಳಿಸಲಿಲ್ಲ. ನಿಪ್ಪಾಣಿ ಸುತ್ತಲಿನ ಬಂಕುಗಳಲ್ಲಿ ಎಂಎಚ್ 09 ಸಂಖ್ಯೆಯ ವಾಹನಗಳು ಸಾಲುಗಟ್ಟಿದ್ದನ್ನು ಆ ದಿನಗಳಲ್ಲಿ ಹೆದ್ದಾರಿಯಲ್ಲಿ ಓಡಾಡಿದವರೆಲ್ಲ ನೋಡಿದ್ದಾರೆ.

ವಾಹನದ ಲೆಕ್ಕ ಇನ್ನೂ ಸ್ಪಷ್ಟ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ ಶೇ 18ರವರೆಗೆ ಇದೆ, ಅದರ ಮೇಲೆ ಸೆಸ್. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿಗೆ ಶೇ 11ರಿಂದ 13. ಹನ್ನೆರಡು ಲಕ್ಷದ ಕಾರಿಗೆ ಇಲ್ಲಿ ಶೇ 17, ಅಂದರೆ 2,04,000 ರೂಪಾಯಿ. ಅಲ್ಲಿ ಶೇ 12, ಅಂದರೆ 1,44,000. ವ್ಯತ್ಯಾಸ 60,000. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ನೋಂದಣಿ ಬದಲಿಸಬೇಕು ಎಂಬ ನಿಯಮವಿದೆ. ನಿಯಮವಿದ್ದರೂ ಬೆಳಗಾವಿಯ ಬೀದಿಗಳಲ್ಲಿ ಕೆಎ 22ರ ಪಕ್ಕದಲ್ಲಿ ಎಂಎಚ್, ಜಿಎ ಫಲಕಗಳು ಏಕೆ ಇಷ್ಟೊಂದು ನಿಂತಿರುತ್ತವೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಡಿಯ ಸ್ಪರ್ಧೆಯಿಂದ ಲಾಭ ಪಡೆದವರಲ್ಲಿ ನಮ್ಮ ಕಬ್ಬು ಬೆಳೆಗಾರರೂ ಇದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಭಾಗದ ಕಬ್ಬು ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಹೋಗುತ್ತದೆ, ಅವರದು ಇಲ್ಲಿಗೂ ಬರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಕಬ್ಬು ರಾಜ್ಯದ ಹೊರಗೆ ಹೋಗದಂತೆ ನಿಷೇಧ ಹೇರಿತ್ತು. ವಿರೋಧಿಸಿದವರು ಅಲ್ಲಿನ ರೈತರೇ, ಏಕೆಂದರೆ ಕೊಳ್ಳುವವರು ಇಬ್ಬರಿದ್ದರೆ ಮಾತ್ರ ಬೆಲೆ ಬರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ನಿಷೇಧ ಹಿಂದಕ್ಕೆ ಹೋಯಿತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹೋರಾಡಿ, ಕೊನೆಗೆ 3,300ಕ್ಕೆ ಒಪ್ಪಂದವಾದಾಗ ನನಗೆ ನೆನಪಾದದ್ದು ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರವಿರಬೇಕು ಎನ್ನುವ ನಿಯಮ. ಎದುರು ಅಂಗಡಿಯನ್ನು ಕಾನೂನೇ ದೂರ ಇಟ್ಟರೆ ರೈತ ರಸ್ತೆಗೆ ಬಂದು ಕುಳಿತುಕೊಳ್ಳದೆ ಇನ್ನೇನು ಮಾಡಬೇಕು? ಈ ವಿಷಯಕ್ಕೆ ಬೇರೆಯೇ ಲೇಖನ ಬೇಕು.

ತೆರಿಗೆಗೆ ಮರಳೋಣ. ಗಡಿಯ ಕಾವಲಿಗೆ ದೊಡ್ಡದೊಂದು ಕೊರತೆಯಿದೆ, ಮತ್ತು ಮಾರುಕಟ್ಟೆಯ ಪರವಾಗಿ ಮಾತನಾಡುವವರು ಅದನ್ನು ಸಾಕಷ್ಟು ಹೇಳುವುದಿಲ್ಲ ಎಂಬುದು ನನ್ನ ದೂರು. ಓಡಬಲ್ಲವರನ್ನು ಮಾತ್ರ ಗಡಿ ಕಾಪಾಡುತ್ತದೆ. ಉಳಿದವರು ಎಲ್ಲಿದ್ದರೋ ಅಲ್ಲೇ ಸಿಗುತ್ತಾರೆ.

ಮದ್ಯದ ತೆರಿಗೆಯಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 2023ರ ಜುಲೈನಲ್ಲಿ ಮದ್ಯದ ಎಲ್ಲ 18 ಸ್ಲ್ಯಾಬ್‌ಗಳ, ಅಂದರೆ ಬೆಲೆಯ ಹಂತಗಳ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಲಾಯಿತು. ದುಬಾರಿ ಮದ್ಯ ಕುಡಿಯುವವರು ಗೋವಾದಿಂದ, ಮಹಾರಾಷ್ಟ್ರದಿಂದ ತರತೊಡಗಿದರು. ಚೋರ್ಲಾ ಘಾಟಿನ ದಾರಿಯಲ್ಲಿ ಅಬಕಾರಿ ಇಲಾಖೆ ಗೋವಾ ಮದ್ಯ ಹಿಡಿದ ಸುದ್ದಿ ಬೆಳಗಾವಿಯವರಿಗೆ ಹೊಸದಲ್ಲ. ಮರುವರ್ಷದ ಬಜೆಟ್ಟಿನಲ್ಲಿಯೇ ಸರ್ಕಾರ ನೆರೆಯ ರಾಜ್ಯಗಳ ಬೆಲೆಗೆ ಸರಿಹೊಂದುವಂತೆ ಸ್ಲ್ಯಾಬ್‌ಗಳನ್ನು ಪರಿಷ್ಕರಿಸುವುದಾಗಿ ಹೇಳಿತು, 2024ರ ಆಗಸ್ಟ್ ಕೊನೆಯಲ್ಲಿ ದುಬಾರಿ ಮದ್ಯದ ಸುಂಕವನ್ನು ಇಳಿಸಿತು. ತೆರಿಗೆ ಒಂದು ಮಿತಿ ಮೀರಿದರೆ ಖಜಾನೆಗೆ ಬರುವುದೂ ಬರುವುದಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ 2025ರ ಮೇ ತಿಂಗಳಲ್ಲಿ ಕೆಳಗಿನ ಸ್ಲ್ಯಾಬ್‌ಗಳ, ಅಂದರೆ ಅಗ್ಗದ ಮದ್ಯದ ಸುಂಕ ಏರಿತು. ಕೂಲಿ ಮುಗಿಸಿ ಬರುವ ಮನುಷ್ಯ ಒಂದು ಪೊಟ್ಟಣಕ್ಕಾಗಿ ಪಣಜಿಗೆ ಹೋಗಲಾರ. ಕುಡಿತ ಬಿಡಿಸಲು ಸುಂಕ ಎನ್ನುವವರಿದ್ದಾರೆ, ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಕುಡಿತ ಕಡಿಮೆಯಾಗಲಿ ಎನ್ನುವ ಸರ್ಕಾರ ಅದರಿಂದಲೇ 40,000 ಕೋಟಿ ಬರಬೇಕು ಎಂದು ಗುರಿ ಬರೆಯುವುದಿಲ್ಲ.

ಓಡಲಾಗದ ಇನ್ನೊಂದು ವಸ್ತು ಭೂಮಿ. ಕಾರನ್ನು ಕೊಲ್ಹಾಪುರದಲ್ಲಿ ನೋಂದಾಯಿಸಬಹುದು, ಬಾಗಲಕೋಟೆಯ ನವನಗರದ ನಿವೇಶನವನ್ನು ಅಲ್ಲಿಗೆ ಒಯ್ಯಲಾಗದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮೂವತ್ತು ಲಕ್ಷದ ನಿವೇಶನಕ್ಕೆ ಮೂವತ್ತು ಸಾವಿರ ಇದ್ದದ್ದು ಅರವತ್ತು ಸಾವಿರವಾಯಿತು, ಮುದ್ರಾಂಕ ಶುಲ್ಕ ಬೇರೆ. ಸಂಬಳದಾರನೂ ಓಡಲಾರ. ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರಬಾರದು ಎಂದು ಸಂವಿಧಾನದ 276ನೇ ವಿಧಿ ಮಿತಿ ಹಾಕಿದೆ. ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಆಗುತ್ತಿತ್ತು. 2025ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಫೆಬ್ರವರಿ ತಿಂಗಳಿಗೆ ಮಾತ್ರ 300 ಎಂದು ಮಾಡಲಾಯಿತು. ಲೆಕ್ಕ ಸರಿಯಾಗಿ 2,500ಕ್ಕೆ ಬಂದು ನಿಂತಿತು. ಬೇಲಿ ಎಲ್ಲಿದೆಯೋ ಅಲ್ಲಿಯವರೆಗೆ ತೆರಿಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಇಲ್ಲಿ ಬೇಲಿ ಇತ್ತು. ಬೇರೆ ತೆರಿಗೆಗಳಿಗೆ ಅದೂ ಇಲ್ಲ.

ರಾಜ್ಯಕ್ಕೆ ಹಣ ಬೇಡವೇ ಎಂದು ನನ್ನ ಗೆಳೆಯರು ಕೇಳುತ್ತಾರೆ. ಬೇಕು. ಹದಿನೈದನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತ್ತು, ಆ ನೋವು ನಿಜವಾದದ್ದು. ರಾಜ್ಯಗಳು ಪೈಪೋಟಿಗೆ ಬಿದ್ದು ತೆರಿಗೆ ಇಳಿಸುತ್ತಾ ಹೋದರೆ ಶಾಲೆ, ಆಸ್ಪತ್ರೆ ನಡೆಯುವುದು ಹೇಗೆ ಎಂಬ ಆತಂಕವೂ ಹುಸಿಯಲ್ಲ. ಆದರೆ ಈವರೆಗಿನ ಅನುಭವದಲ್ಲಿ ಯಾವ ರಾಜ್ಯವೂ ತೆರಿಗೆ ಇಳಿಸಿ ಇಳಿಸಿ ಬರಿದಾದದ್ದನ್ನು ನಾನು ಕಂಡಿಲ್ಲ. ಕಂಡದ್ದು, ಓಡಬಲ್ಲವರಿಗೆ ಇಳಿಸಿ ಓಡಲಾಗದವರಿಗೆ ಏರಿಸಿದ್ದನ್ನು. ಕಡಿಮೆ ದರ, ಹೆಚ್ಚು ಜನ, ಎಲ್ಲರಿಗೂ ಒಂದೇ ಬಗೆಯ ಸರಳ ನಿಯಮ ಇದ್ದರೆ ವ್ಯಾಪಾರ ಬೆಳೆಯುತ್ತದೆ, ಬೆಳೆದ ವ್ಯಾಪಾರದಿಂದ ತೆರಿಗೆ ಬರುತ್ತದೆ ಎಂಬುದೇ ನನ್ನ ನಿಲುವು. ರವಿವಾರ ಪೇಟೆಯಲ್ಲಿ ತೆರಿಗೆ ಕಟ್ಟಲು ತಕರಾರು ಮಾಡುವವರಿಗಿಂತ, ನಾಳೆ ಎಷ್ಟಾಗುತ್ತದೆಂದು ತಿಳಿಯದೆ ಹೂಡಿಕೆಗೆ ಹೆದರುವವರೇ ಹೆಚ್ಚು.

ಹಾಗಾದರೆ ಓಡಲಾಗದವರಿಗೆ ಬೇಲಿ ಹಾಕುವವರು ಯಾರು? ಸದನವೇ ಹಾಕಬೇಕು, ಆ ಕೆಲಸಕ್ಕೆಂದೇ ಅದು ಇರುವುದು. ದಾರಿ ಸಂವಿಧಾನದಲ್ಲೇ ಇದೆ. ಅಧಿವೇಶನ ಇಲ್ಲದಾಗ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಿದರೆ, ಸದನ ಮತ್ತೆ ಸೇರಿದ ಆರು ವಾರಗಳೊಳಗೆ ಅದಕ್ಕೆ ಅಂಗೀಕಾರ ಸಿಗದಿದ್ದರೆ ಅದು ಬಿದ್ದುಹೋಗುತ್ತದೆ. ತೆರಿಗೆ ಏರಿಸುವ ಅಧಿಸೂಚನೆಗೂ ಇದೇ ಕಟ್ಟಳೆ ಏಕಿರಬಾರದು? ತುರ್ತಿದ್ದರೆ ಏರಿಸಲಿ, ಆದರೆ ಮುಂದಿನ ಅಧಿವೇಶನದಲ್ಲಿ ಪ್ರತಿ ಏರಿಕೆಯೂ ಹೆಸರು ಹಿಡಿದು ಮತಕ್ಕೆ ಬರಲಿ, ಮತ ಸಿಗದಿದ್ದರೆ ಹಳೆಯ ದರ ಮರಳಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ. ಮಾರಾಟ ತೆರಿಗೆ ಕಾಯ್ದೆಗೆ, ಅಬಕಾರಿ ಕಾಯ್ದೆಗೆ ಒಂದೊಂದು ಕಲಂ ಸೇರಿಸಿದರೆ ಸಾಕು.

ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ದಕ್ಷಿಣ ಭಾರತದುದ್ದಕ್ಕೂ, ಸಮುದ್ರದಾಚೆಗೂ ವ್ಯಾಪಾರ ಮಾಡಿತ್ತು. ಆ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳ ಹೆಸರುಗಳು ಬರುತ್ತವೆ. ಇಂಥ ಸುಂಕದ ಆದಾಯವನ್ನು ದೇವಾಲಯಕ್ಕೋ ಕೆರೆಗೋ ಬಿಟ್ಟುಕೊಟ್ಟಾಗ ಅದನ್ನು ಕನ್ನಡದಲ್ಲಿ, ಊರ ಮಧ್ಯೆ, ಕಲ್ಲಿನ ಮೇಲೆ ಕೊರೆದು ನಿಲ್ಲಿಸುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂಬ ಗಾದೆ ಆಗಲೂ ಇತ್ತೋ ಏನೋ, ಆದರೆ ಸುಂಕ ಎಲ್ಲಿಗೆ ಹೋಗುತ್ತದೆ ಎಂಬುದು ದಾರಿಹೋಕನಿಗೂ ಓದಲು ಸಿಗುತ್ತಿತ್ತು.

ಬೆಳಗಾವಿಯಿಂದ 18, ವಿಜಯಪುರದಿಂದ 8, ಬಾಗಲಕೋಟೆಯಿಂದ 7, ಒಟ್ಟು 33 ಶಾಸಕರು ನಮ್ಮ ಮೂರು ಜಿಲ್ಲೆಗಳಿಂದ ಸದನಕ್ಕೆ ಹೋಗುತ್ತಾರೆ. ಈ ಕಲಂ ಕೇಳಲು ಅವರಲ್ಲಿ ಪಕ್ಷಭೇದ ಬೇಕಾಗಿಲ್ಲ, ಏಕೆಂದರೆ ಮೂವತ್ತಮೂರು ಕ್ಷೇತ್ರಗಳಲ್ಲೂ ಓಡಲಾಗದವರೇ ಹೆಚ್ಚು.

2023ರ ಡಿಸೆಂಬರಿನಲ್ಲಿ ಇದೇ ಸುವರ್ಣ ವಿಧಾನಸೌಧದಲ್ಲಿ ಮುದ್ರಾಂಕ ತಿದ್ದುಪಡಿ ವಿಧೇಯಕ ಅಂಗೀಕಾರವಾಯಿತು. ಆ ಮೂಲಕ ಪ್ರಮಾಣಪತ್ರದ (ಅಫಿಡವಿಟ್) ಮುದ್ರಾಂಕ 20 ರೂಪಾಯಿಯಿಂದ 100 ರೂಪಾಯಿಗೆ ಏರಿತು. ಅದು ಸದನದಲ್ಲೇ ಆದದ್ದು, ಅಧಿಸೂಚನೆಯಿಂದಲ್ಲ. ಮತ ಹಾಕಿದವರಿಗೆ ಅದು ಎಷ್ಟು ಭಾರ ಎಂದು ಯಾರೂ ತೂಗಿ ತೋರಿಸಿರಲಿಲ್ಲ ಎಂದು ನಾನು ನಂಬುತ್ತೇನೆ. ಕೆಲವು ತಿಂಗಳ ಬಳಿಕ ನ್ಯಾಯಾಲಯದ ರಸ್ತೆಯ ಇ-ಸ್ಟಾಂಪಿಂಗ್ ಕೌಂಟರಿನಲ್ಲಿ ನನ್ನ ಮುಂದೆ ಒಬ್ಬ ತಾಯಿ ನಿಂತಿದ್ದರು. ಮಗಳ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು, ಅದಕ್ಕೆ ಪ್ರಮಾಣಪತ್ರ ಬೇಕಿತ್ತು. ಸೆರಗಿನ ಗಂಟು ಬಿಚ್ಚಿ ಎರಡು ಹತ್ತರ ನೋಟು ಕೊಟ್ಟರು. ನೂರು ಎಂದಾಗ ಗುಮಾಸ್ತನ ಮುಖ ನೋಡಿದರು, ಗಾಜಿಗೆ ಅಂಟಿಸಿದ್ದ ದರಪಟ್ಟಿ ನೋಡಿದರು, ಮತ್ತೆ ಗಂಟು ಬಿಚ್ಚಿದರು. ನೋಟುಗಳನ್ನೂ ನಾಣ್ಯಗಳನ್ನೂ ಎಣಿಸಿ ಮುಗಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸಾಲಿನಲ್ಲಿದ್ದವರು ಯಾರೂ ಅವಸರಪಡಿಸಲಿಲ್ಲ.